ಕಾಯಿಲೆಯನ್ನೇ ಹೆರಿಸುವ ಸಂಶೋಧನೆ

2019ರ ಜನವರಿಯಲ್ಲಿ ಚೀನಾದ ಶಾಂಘೈ ನರವಿಜ್ಞಾನ ಸಂಸ್ಥೆಯು ಒಂದೇ ಕೋತಿಯ ಜೀವಕೋಶಗಳಿಂದ ರೂಪಿಸಿದ ಐದು ತದ್ರೂಪಿ ಮರಿಗಳ ಜನನವನ್ನು ಪ್ರಕಟಿಸಿತು. ದೇಹದ ಹಗಲಿರುಳಿನ ಲಯವನ್ನು ಕಾಯುವ ಬಿಮಾಲ್-1 ಎಂಬ ಜೀನನ್ನು, ಡಿಎನ್‌ಎಯನ್ನು ಗೊತ್ತುಪಡಿಸಿದ ಜಾಗದಲ್ಲಿ ಕತ್ತರಿಸುವ ಕ್ರಿಸ್ಪರ್ ತಂತ್ರದಿಂದ ಭ್ರೂಣದಲ್ಲೇ ಕೆಡಿಸಿ ಕೆಲವು ಕೋತಿಗಳನ್ನು ಮೊದಲು ಹುಟ್ಟಿಸಲಾಗಿತ್ತು. ನಿದ್ರೆಗೆಟ್ಟು ಆತಂಕದಲ್ಲಿ ತೊಳಲುತ್ತಿದ್ದ ಅವುಗಳಲ್ಲಿ ಅತಿ ತೀವ್ರ ಲಕ್ಷಣ ತೋರಿದ್ದನ್ನೇ ಆರಿಸಿ ತದ್ರೂಪು ಮಾಡಲಾಯಿತು. ಸಂಕಟವು ಇಲ್ಲಿ ಪ್ರಯೋಗದ ಅಡ್ಡಪರಿಣಾಮವಲ್ಲ, ಅದೇ ಆಯ್ಕೆಯ ಮಾನದಂಡ.

ಆನುವಂಶಿಕವಾಗಿ ಒಂದೇ ತೆರನಾದ ಕೋತಿಗಳು ದೊರೆತರೆ ಪ್ರಯೋಗಕ್ಕೆ ಕಡಿಮೆ ಪ್ರಾಣಿಗಳು ಸಾಕಾಗುತ್ತವೆ ಎಂಬುದು ಸಂಶೋಧಕರ ಸಮರ್ಥನೆ. ಆದರೆ ಈ ಐದು ಮರಿಗಳಿಗಾಗಿ 325 ಭ್ರೂಣಗಳನ್ನು 65 ಬಾಡಿಗೆ ತಾಯಂದಿರ ಗರ್ಭಕ್ಕೆ ಸೇರಿಸಲಾಗಿತ್ತು, ಗರ್ಭ ನಿಂತದ್ದು 16ರಲ್ಲಿ ಮಾತ್ರ. ಉಳಿತಾಯದ ಲೆಕ್ಕ ಹೇಳುವವರು ಈ ಹೆಣ್ಣುಕೋತಿಗಳನ್ನು ಲೆಕ್ಕದಿಂದ ಹೊರಗಿಡುವುದು ಒಪ್ಪತಕ್ಕದ್ದಲ್ಲ.

ಎಲ್ಲ ಪ್ರಯೋಗಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ, ನಿಜ. 2008ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ, ಮಿದುಳನ್ನು ಕ್ರಮೇಣ ನಾಶಮಾಡುವ ಹಂಟಿಂಗ್‌ಟನ್ ಕಾಯಿಲೆಯ ಜೀನನ್ನು ರೀಸಸ್ ಕೋತಿಗಳಿಗೆ ಸೇರಿಸಿದಾಗ, ಆ ಕಾಯಿಲೆಗೆ ಒಂದೇ ಜೀನ್ ಕಾರಣವೆಂಬ ಖಚಿತ ತಿಳಿವಳಿಕೆಯಾದರೂ ಅದರ ಹಿಂದಿತ್ತು. ಶಾಂಘೈ ಕೋತಿಗಳನ್ನು ಮಾದರಿಯೆಂದು ಮುಂದಿಡುವ ಖಿನ್ನತೆ, ಸ್ಕಿಜೋಫ್ರೇನಿಯಾಗಳ ಮಾತು ಬೇರೆ. ನೂರಾರು ಜೀನ್‌ಗಳ ಸಣ್ಣಸಣ್ಣ ಪ್ರಭಾವಗಳೂ ಬಾಳಿನ ಪರಿಸ್ಥಿತಿಗಳೂ ಹೆಣೆದುಕೊಂಡು ಮೂಡುವ ಇಂಥ ಕಾಯಿಲೆಗಳನ್ನು, ಲಯದ ಒಂದು ಜೀನನ್ನು ಕೆಡಿಸಿದ ಮಾತ್ರಕ್ಕೆ ಕೋತಿಯಲ್ಲಿ ಮರುಸೃಷ್ಟಿಸಿದಂತಾಗುವುದಿಲ್ಲ. ಅದರಿಂದ ದೊರೆಯುವುದು ನಿದ್ರೆಯಿಲ್ಲದೆ ಬೆದರಿದ ಒಂದು ಕೋತಿ. ಅದನ್ನು ಮನುಷ್ಯನ ಮನೋರೋಗದ ಮಾದರಿಯೆಂದು ಕರೆಯುವುದು ರೋಗಿಗಳಿಗೂ ಅವರ ಮನೆಯವರಿಗೂ ಆಧಾರವಿಲ್ಲದ ಭರವಸೆ ಕೊಟ್ಟಂತೆ.

ಕೋತಿ ನಮಗೆ ಹತ್ತಿರದ್ದು ಎಂಬುದೇ ಅದನ್ನು ಬಳಸಲು ಕೊಡುವ ಕಾರಣ; ಆ ಸಾಮೀಪ್ಯವನ್ನು ಮಿದುಳಿನ ವಿಷಯದಲ್ಲಿ ಒಪ್ಪಿ ನೋವಿನ ವಿಷಯದಲ್ಲಿ ಮರೆಯುವುದು ಸಾಧ್ಯವಿಲ್ಲ. ಭಾರತದ ರೀಸಸ್ ಕೋತಿಗಳನ್ನು ಅಮೆರಿಕದಲ್ಲಿ ಸೇನಾ ವಿಕಿರಣ ಪ್ರಯೋಗಗಳಿಗೆ ಬಳಸಲಾಗುತ್ತಿದೆಯೆಂಬುದು ಬಯಲಾದಾಗ, ಮೊರಾರ್ಜಿ ದೇಸಾಯಿಯವರ ಸರ್ಕಾರ 1978ರಿಂದ ಅವುಗಳ ರಫ್ತನ್ನೇ ನಿಲ್ಲಿಸಿತು. ವೈದ್ಯಕೀಯದ ಹೆಸರಿನಲ್ಲಿ ಪಡೆದ ಪ್ರಾಣಿ ಯಾವುದಕ್ಕೆ ಬಳಕೆಯಾಗುತ್ತದೆಂದು ಕೇಳುವ ಹಕ್ಕು ಸಮಾಜಕ್ಕಿದೆಯೆಂದು ಆ ನಿರ್ಧಾರ ಸಾರಿತ್ತು. ಇಂದು ಜೀನ್ ತಿದ್ದುವ ಪ್ರಯೋಗಾಲಯಗಳಿಗೂ ಅದೇ ಪ್ರಶ್ನೆ ಹಾಕಬೇಕಾಗಿದೆ: ಯಾವ ಚಿಕಿತ್ಸೆಯನ್ನು ಪರೀಕ್ಷಿಸಲು ಈ ಮರಿ ಹುಟ್ಟಬೇಕು, ಮನುಷ್ಯರ ಜೀವಕೋಶಗಳಿಂದ ಬೆಳೆಸಿದ ಅಂಗಾಂಶಗಳಲ್ಲಿ ಅದು ಏಕೆ ಸಾಧ್ಯವಿಲ್ಲ ಎಂಬುದಕ್ಕೆ ಲಿಖಿತ ಉತ್ತರ ಸಿಗುವವರೆಗೆ ಅನುಮತಿಯನ್ನು ತಡೆಹಿಡಿಯಬೇಕು.