ರೇಷ್ಮೆ ರೀಲಿಂಗ್ ಘಟಕಗಳ ಕೊಳೆನೀರು ಮತ್ತು ಕೆಲಸಗಾರರ ಕೈಗಳ ರಕ್ಷಣೆ ಕುರಿತು ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಬೆಂಗಳೂರು ದಕ್ಷಿಣ ಜಿಲ್ಲೆ, ರಾಮನಗರ.

ವಿಷಯ: ಬೇಸಿನ್ ನೀರು ಬದಲಾವಣೆ ಹಾಗೂ ಇತರೆ ಬೇಡಿಕೆಗಳ ಬಗ್ಗೆ.
ಉಲ್ಲೇಖ: ನಮ್ಮ ಹಿಂದಿನ ಮನವಿಗಳು (ಸ್ವೀಕೃತಿ ಪ್ರತಿ ಲಗತ್ತಿಸಿದೆ, ಉತ್ತರ ಬಂದಿಲ್ಲವಾದ್ದರಿಂದ ಅದನ್ನು ಲಗತ್ತಿಸಿಲ್ಲ).

ಮಾನ್ಯರೇ,

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ರೀಲಿಂಗ್ ಘಟಕಗಳಲ್ಲಿ ದುಡಿಯುವ, ಬಹುಪಾಲು ಹೆಂಗಸರಾದ ನಾವು ಬಿನ್ನವಿಸಿಕೊಳ್ಳುವುದೇನೆಂದರೆ:

ಹಬೆ, ಹುಳುವಿನ ವಾಸನೆ ನಮಗೆ ಹೊಸದಲ್ಲ. ಗೂಡು ಬೆಂದರೇ ಅಂಟು ಬಿಡುವುದು, ಎಳೆಯ ತುದಿ ಸಿಗುವುದು ಬರಿಗೈಗೇ. ಇದನ್ನು ಒಪ್ಪಿಕೊಂಡೇ ಕೆಲಸಕ್ಕೆ ಸೇರಿದ್ದೇವೆ. ಆದರೆ ಬೆಳಿಗ್ಗೆ ತುಂಬಿದ ಬೇಸಿನ್ ನೀರಿನಲ್ಲೇ ಸಂಜೆಯವರೆಗೆ ಕೈಯಾಡಿಸಬೇಕೆಂಬುದು ಕಸುಬಿನ ಗುಣವಲ್ಲ, ಮಾಲೀಕರ ಉಳಿತಾಯ. ಮಧ್ಯಾಹ್ನದ ಹೊತ್ತಿಗೆ ನೀರು ಕಂದಾಗಿ, ಬಿಚ್ಚಿದ ಗೂಡಿನ ಹುಳು ಅದರಲ್ಲೇ ಕೊಳೆಯುತ್ತದೆ. ಬೆರಳ ಸಂದು ಬಿಳಚಿಕೊಂಡು ಸೀಳುತ್ತದೆ. ಆ ಸೀಳಿನ ಮೇಲೆ ಮತ್ತೆ ಬಿಸಿನೀರು. ರಾತ್ರಿ ಮುದ್ದೆ ಮುರಿದು ಸಾರಿಗೆ ಅದ್ದಲಾಗದೆ ಚಮಚ ಹಿಡಿಯುವವರು ನಮ್ಮಲ್ಲಿದ್ದಾರೆ. ಬೆರಳಿಗೆ ಬಟ್ಟೆ ಸುತ್ತಿಕೊಂಡರೆ ಎಳೆ ಸಿಗದು, ನೂಲು ಕಡಿಮೆಯಾದರೆ ಬಟವಾಡೆಯಲ್ಲಿ ಕಡಿತ. ನೀರು ಬದಲಿಸಿ ಎಂದರೆ "ಟ್ಯಾಂಕರ್ ದುಡ್ಡು ಯಾರು ಕೊಡ್ತಾರೆ?" ಎಂಬ ಪ್ರಶ್ನೆ ಬರುತ್ತದೆ.

ವೈದ್ಯರ ಚೀಟಿಗಳು, ಕೈಗಳ ಫೋಟೋಗಳು, ಕಡಿತದ ಲೆಕ್ಕವಿರುವ ಕೂಲಿ ಚೀಟಿಗಳು ಹಾಗೂ ಒಂದು ಬಾಟಲಿ ಬೇಸಿನ್ ನೀರನ್ನು ಇದರೊಂದಿಗೆ ಒಪ್ಪಿಸಿದ್ದೇವೆ. ಮುಚ್ಚಳ ತೆಗೆಯುವ ಮುನ್ನ ದಯವಿಟ್ಟು ತಮ್ಮ ಕೊಠಡಿಯ ಕಿಟಕಿ ತೆರೆಸಿಕೊಳ್ಳಬೇಕಾಗಿ ವಿನಂತಿ.

ನಿಯಮಗಳನ್ನು ತಮಗೆ ನಾವು ಹೇಳಬೇಕಿಲ್ಲ. 1948ರ ಕಾರ್ಖಾನೆ ಕಾಯ್ದೆ ಹೋಗಿ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ; ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಕಾರ್ಖಾನೆ ಎನ್ನುತ್ತಿದ್ದುದು ಇಪ್ಪತ್ತಕ್ಕೆ ಏರಿದೆ. "ನೀವು ಅದರಡಿ ಬರಲ್ಲ" ಎಂದು ಮಾಲೀಕರು ಆಗಲೇ ಶುರುಮಾಡಿದ್ದಾರೆ. ಹತ್ತು ಜನ ದುಡಿಯುವ ಸಂಸ್ಥೆಯೂ ಸಂಹಿತೆಯ ವ್ಯಾಪ್ತಿಗೆ ಬರುತ್ತದೆ, ಇಎಸ್‌ಐಗೂ ಹತ್ತೇ ಸಾಕು ಎಂಬುದನ್ನು ಅವರಿಗೆ ತಾವೇ ತಿಳಿಸಬೇಕು. ಹಾಜರಿ ಪುಸ್ತಕದ ಹೆಸರುಗಳನ್ನಲ್ಲ, ಬೇಸಿನ್ ಮುಂದೆ ಕೂತ ತಲೆಗಳನ್ನು ಎಣಿಸಬೇಕು. 2025ರಲ್ಲಿ ಜಿಲ್ಲೆಯ ಹೆಸರೇ ಬದಲಾಯಿತು. ಒಂದು ಬೇಸಿನ್ ನೀರು ಬದಲಾಗುವುದು ಇಷ್ಟು ಕಷ್ಟವೆಂದು ನಾವು ತಿಳಿದಿರಲಿಲ್ಲ.

ಆದ್ದರಿಂದ ದಿನಕ್ಕೆ ಕನಿಷ್ಠ ಎರಡು ಸಲ ನೀರು ಬದಲಿಸುವಂತೆ ಲಿಖಿತ ಆದೇಶ ಹೊರಡಿಸಬೇಕು. ಕೈಹುಣ್ಣಿನಿಂದ ಮನೆಯಲ್ಲಿ ಕೂತ ದಿನಗಳಿಗೆ ಕೂಲಿ ಕೊಡಿಸಬೇಕು. ವರ್ಷಕ್ಕೊಮ್ಮೆ ಚರ್ಮ ಮತ್ತು ಶ್ವಾಸಕೋಶದ ತಪಾಸಣೆ ಉಚಿತವಾಗಿ ನಡೆಯಬೇಕು.

ಇದಲ್ಲದೆ ಎಳೆ ಹಾರುತ್ತದೆಂದು ಮುಚ್ಚಿಡುವ ಕಿಟಕಿಗಳು, ಒಲೆಯ ಹೊಗೆ, ಬಾಗಿಲಿಲ್ಲದ ಶೌಚಾಲಯ, ಕುಡಿಯುವ ನೀರು, ಕುಂಟುವ ಸ್ಟೂಲುಗಳ ವಿಚಾರವೂ ಇದೆ.

ಇದೇ ಸಂದರ್ಭದಲ್ಲಿ ಮಾಗಡಿ ಕಡೆಯಿಂದ ಬರುವ ನಮ್ಮ ಕೆಲಸಗಾರರಿಗಾಗಿ ಬೆಳಗಿನ ಬಸ್ಸೊಂದನ್ನು ಅರ್ಧ ಗಂಟೆ ಮುಂಚಿತವಾಗಿ ಬಿಡಿಸುವುದು. ಕಳೆದ ಮನವಿಗೆ ಸಹಿ ಹಾಕಿದ ತಪ್ಪಿಗೆ ಕೆಲಸ ಕಳೆದುಕೊಂಡ ಇಬ್ಬರನ್ನು ಮರಳಿ ಸೇರಿಸುವುದು. ಐವತ್ತು ದಾಟಿದ, ನೂಲು ತೆಗೆಯುವ ಕೆಲಸಗಾರರಿಗೆ (ಟರ್ನರ್‌ಗಳಿಗೆ) ವಸತಿ ಯೋಜನೆಯಲ್ಲಿ ಆದ್ಯತೆ ನೀಡುವುದು. ಇಂಥವರ ಪಟ್ಟಿ ನಮ್ಮ ಬಳಿ ಸಿದ್ಧವಿದೆ.

ತಾವು ಖುದ್ದಾಗಿ ಘಟಕಗಳಿಗೆ ಭೇಟಿ ಕೊಡಬೇಕೆಂದು ಕೈಮುಗಿದು ಕೇಳುತ್ತೇವೆ. ದಿನವನ್ನು ಮಾಲೀಕರಿಗೆ ಮೊದಲೇ ತಿಳಿಸಬಾರದು. ಹಿಂದಿನ ಸಲ ಅಧಿಕಾರಿಗಳು ಬಂದಾಗ ಬೇಸಿನ್ ತುಂಬ ತಿಳಿನೀರಿತ್ತು.

ತಮ್ಮ ವಿಶ್ವಾಸಿಗಳು,
ಸಹಿ ಮತ್ತು ಹೆಬ್ಬೆಟ್ಟು ಒತ್ತಿರುವ ಕೆಲಸಗಾರರು
(ಹಾಳೆಗಳನ್ನು ಲಗತ್ತಿಸಿದೆ)