ಹೆಸರಿಲ್ಲದ ಸೈನಿಕರು ಮತ್ತು ಕನ್ನಡ ಸಂಶೋಧನೆ

ಕ್ರಿ.ಶ. 949-50ರ ಆತಕೂರು ಶಾಸನವು ಹಂದಿಯೊಡನೆ ಹೋರಾಡಿ ಸತ್ತ ನಾಯಿಯೊಂದರ ಹೆಸರನ್ನು ಉಳಿಸಿದೆ. ಮಣಲೆರನ ಆ ನಾಯಿ 'ಕಾಳಿ' ಎಂಬುದು ಸಾವಿರ ವರ್ಷಗಳ ಅನಂತರವೂ ನಮಗೆ ತಿಳಿದಿದೆ. ಆದರೆ 1929ರಲ್ಲಿ ಇರಾಕಿನ ಬಸ್ರಾದಲ್ಲಿ ಅನಾವರಣಗೊಂಡ ಮೊದಲ ಮಹಾಯುದ್ಧದ ಸ್ಮಾರಕವು ಬ್ರಿಟಿಷ್ ಸೈನಿಕರ ಹಾಗೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಿಸಿಕೊಂಡು, 33,000ಕ್ಕೂ ಹೆಚ್ಚಿನ ಸಾಮಾನ್ಯ ಭಾರತೀಯ ಸೈನಿಕರನ್ನು ಪಡೆವಾರು ಸಂಖ್ಯೆಗಳಾಗಿ ಮಾತ್ರ ನೆನೆಯಿತು. ವೀರಗಲ್ಲುಗಳನ್ನು ಓದಿ ಅರ್ಥೈಸುವ ಕನ್ನಡ ವಿಭಾಗಗಳು ಈ ಮರೆವನ್ನೂ ತಮ್ಮ ಅಧ್ಯಯನದ ವಿಷಯವೆಂದು ಭಾವಿಸಬೇಕೆಂಬುದು ಈ ಬರಹದ ನಿಲುವು.

ಇದಕ್ಕೆ ಬೇಕಾದ ಆಕರಗಳು ಈಗ ದೂರದಲ್ಲಿಲ್ಲ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ದತ್ತಸಂಚಯವು ಅಂತರ್ಜಾಲದಲ್ಲಿ ಮುಕ್ತವಾಗಿದೆ. ಅದರಲ್ಲಿ ಮಡಿದವನ ಹೆಸರು, ಸಂಖ್ಯೆ, ಪಡೆಗಳ ಜೊತೆಗೆ ಕೆಲವೊಮ್ಮೆ ತಂದೆಯ ಹೆಸರು, ಊರುಗಳೂ ದೊರೆಯುತ್ತವೆ. ರಾಷ್ಟ್ರೀಯ ಅಭಿಲೇಖಾಲಯದ 'ಅಭಿಲೇಖ ಪಟಲ'ದಲ್ಲಿ ಸರ್ಕಾರಿ ಕಡತಗಳನ್ನು ಹುಡುಕಬಹುದು. ಲಾಹೋರ್ ವಸ್ತುಸಂಗ್ರಹಾಲಯದಲ್ಲಿದ್ದ, ಪಂಜಾಬಿನ ಸುಮಾರು 3,20,000 ಸೈನಿಕರ ವಿವರಗಳುಳ್ಳ ದಾಖಲೆ ಪುಸ್ತಕಗಳು 2021ರಿಂದ ಅಂತರ್ಜಾಲಕ್ಕೆ ಬರತೊಡಗಿದವು. ಇದರಿಂದ ಅಲ್ಲಿನ ಮನೆತನಗಳಿಗೆ ತಮ್ಮ ಊರಿನ ಹೆಸರಿನಿಂದಲೇ ಹಿರಿಯರನ್ನು ಹುಡುಕುವ ಹಾದಿ ತೆರೆಯಿತು.

ಆದರೆ ಈ ಆಕರಗಳ ಮಿತಿಯನ್ನು ಅರಿಯದೆ ತೀರ್ಮಾನಕ್ಕೆ ಬರುವುದು ಅಪಾಯಕರ. ಸಮಾಧಿ ಆಯೋಗದ ದತ್ತಸಂಚಯವು ಮಡಿದವರದು; ಬದುಕಿ ಊರಿಗೆ ಮರಳಿದ ಅಜ್ಜನನ್ನು ಅಲ್ಲಿ ಅರಸುವುದು ವ್ಯರ್ಥ. ಮಡಿದವರೂ ಎಲ್ಲರೂ ಅಲ್ಲಿಲ್ಲ. ಪೂರ್ವ ಆಫ್ರಿಕ, ಈಜಿಪ್ಟ್‌ಗಳಿಗೆ ಸೇರಿದವರೇ ಹೆಚ್ಚಾಗಿರುವ ಕನಿಷ್ಠ 1,16,000 ಮಂದಿ ಹೆಸರಿನಿಂದ ಸ್ಮರಿಸಲ್ಪಟ್ಟಿಲ್ಲವೆಂದು ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡಿದೆ. ಆದ್ದರಿಂದ 'ಹೆಸರು ಸಿಗಲಿಲ್ಲ' ಎಂಬುದು 'ಸೇವೆ ಸಲ್ಲಿಸಲಿಲ್ಲ' ಎಂಬುದಕ್ಕೆ ಪ್ರಮಾಣವಲ್ಲ. ಮೇಲಾಗಿ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಕಾಳಗದಲ್ಲಿದ್ದ ಮೈಸೂರು ಲ್ಯಾನ್ಸರ್ಸ್ ಪಡೆಯು ಸಂಸ್ಥಾನದ ಸೈನ್ಯಕ್ಕೆ ಸೇರಿದ್ದು. ಅದರ ಸವಾರರ ಜಾಡನ್ನು ಬ್ರಿಟಿಷ್ ಕಡತಗಳಲ್ಲಷ್ಟೇ ಅಲ್ಲದೆ ನಮ್ಮ ರಾಜ್ಯ ಪತ್ರಾಗಾರದ ಮೈಸೂರು ಸಂಸ್ಥಾನದ ದಾಖಲೆಗಳಲ್ಲೂ ಹಿಡಿಯಬೇಕು.

ಕನ್ನಡ ವಿದ್ವಾಂಸರ ಅಗತ್ಯ ಬೀಳುವುದು ಇಲ್ಲಿಯೇ. ಈ ದಾಖಲೆಗಳು ಬಹುಪಾಲು ರೋಮನ್ ಲಿಪಿಯಲ್ಲಿವೆ. ಆ ಬರಹದಲ್ಲಿ ಳಕಾರ ಲಕಾರವಾಗಿ, ಣಕಾರ ನಕಾರವಾಗಿ 'ಹಳ್ಳಿ'ಯೆಲ್ಲ 'ಹಲ್ಲಿ'ಯಾಗುತ್ತದೆ. ಒಬ್ಬನೇ ಮುನಿಸ್ವಾಮಿ ಒಂದೆಡೆ 'ಮುನುಸಾಮಿ', ಇನ್ನೊಂದೆಡೆ 'ಮೂನಿಸಾಮಿ' ಎಂದಾಗಬಲ್ಲನು. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ತೂಗುವ ವಿವೇಕವೇ ಇಲ್ಲಿಯೂ ಬೇಕು. ಹೆಸರೊಂದು ಹೊಂದಿದ ಮಾತ್ರಕ್ಕೆ ವ್ಯಕ್ತಿ ಹೊಂದಿದಂತಲ್ಲ. ಸೈನಿಕ ಸಂಖ್ಯೆ, ಪಡೆ, ತಂದೆಯ ಹೆಸರು, ಊರು ಇವುಗಳಲ್ಲಿ ಎರಡಾದರೂ ಕೂಡಿಬರಬೇಕು. ಮನೆಯ ಪೆಟ್ಟಿಗೆಯಲ್ಲಿ ಆ ಯುದ್ಧದ ಪದಕವಿದ್ದರೆ ಅದರ ಅಂಚನ್ನು ಮೊದಲು ಓದಬೇಕು. ಅಲ್ಲಿ ಹೆಸರು, ಸಂಖ್ಯೆ, ಪಡೆಗಳನ್ನು ಅಚ್ಚೊತ್ತುವುದು ವಾಡಿಕೆಯಾಗಿತ್ತು.

ಇದು ವಸಾಹತುಶಾಹಿ ಸೈನ್ಯದ ವೈಭವೀಕರಣವಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಸಾಮ್ರಾಜ್ಯವನ್ನು ಟೀಕಿಸಲು ಅದು ಯಾರನ್ನು ಸಂಖ್ಯೆಯಾಗಿಸಿತೆಂದು ತಿಳಿಯುವುದೂ ಅವಶ್ಯಕ. ಬಡತನ, ಬರ, ಸಂಬಳಗಳ ಒತ್ತಡದಿಂದ ಸೇನೆ ಸೇರಿದವರ ಹೆಸರು ಹೇಳುವುದು ಜಯಕಾರವಲ್ಲ.

ಸ್ನಾತಕೋತ್ತರ ಕ್ಷೇತ್ರಕಾರ್ಯದಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಒಬ್ಬ ಸೈನಿಕನ ಬಗೆಗೆ ಮನೆಯವರ ನೆನಪು, ಪದಕ, ಅಂತರ್ಜಾಲದ ದಾಖಲೆ ಈ ಮೂರನ್ನೂ ಒರೆಗೆ ಹಚ್ಚಿ ಬರೆಯಲಿ. ಆ ಯುದ್ಧಕ್ಕೆ ಹೋದವರನ್ನು ಕಂಡಿದ್ದ ಪೀಳಿಗೆ ಕಣ್ಮರೆಯಾಗುತ್ತಿದೆ. ಕಡತಗಳು ಮುಂದೆಯೂ ತೆರೆದುಕೊಂಡಾವು. ಆದರೆ ಅವುಗಳಲ್ಲಿನ 'ಹಲ್ಲಿ' ಯಾವ ಹಳ್ಳಿಯೆಂದು ಹೇಳಬಲ್ಲ ಹಿರಿಯರು ಅಂದು ಉಳಿದಿರಲಾರರು.