ಕನ್ನಡದ ಸಾಕ್ಷ್ಯಕ್ಕೆ ದಿಕ್ಕಿಲ್ಲವೇ?



"ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಅದನ್ನೇ ನೆಪ ಮಾಡಿಕೊಂಡು ಕಣ್ಣು ಮುಚ್ಚಿ ಕೂತದ್ದು ಸಾಕು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರುಗಳಲ್ಲಿ ನಮ್ಮವರೂ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ವಿಚ್ಛೇದನ, ಮಕ್ಕಳ ಪಾಲನೆ, ಕೈಸಾಲ, ಪಾಲುದಾರಿಕೆ, ಕಾರಣ ಏನೇ ಇರಲಿ, ಸಾಕ್ಷ್ಯವೆಲ್ಲ ಇರುವುದು ಫೋನಿನಲ್ಲಿ, ಅದೂ ಕನ್ನಡದಲ್ಲಿ.

ಟೆಕ್ಸಾಸ್‌ನ ದೊಡ್ಡ ಕೌಂಟಿಗಳಲ್ಲಿ 2014ರಿಂದ ವಕೀಲರು ಸಿವಿಲ್ ಕಾಗದಪತ್ರಗಳನ್ನು ಇ-ಫೈಲ್ ಟೆಕ್ಸಾಸ್ ಮೂಲಕವೇ ಸಲ್ಲಿಸಬೇಕು. ವಕೀಲರಿಲ್ಲದೆ ತಾವೇ ವಾದಿಸುವವರಿಗೆ ಅದು ಕಡ್ಡಾಯವಲ್ಲ, ಆದರೆ ಅವಕಾಶವಿದೆ. ನಮ್ಮಲ್ಲಿ ಬಹಳ ಮಂದಿ ಕಂಪ್ಯೂಟರ್ ಕೆಲಸದವರು. ವಾಟ್ಸಾಪ್ ಪುಟಗಳನ್ನು ಪಿಡಿಎಫ್ ಮಾಡಿ ಕಳಿಸುವುದು ಎಡಗೈ ಕೆಲಸ. ಎಡವುವುದೂ ಅಲ್ಲೇ! ಕಳಿಸಿದ ಮಾತ್ರಕ್ಕೆ ಕಾಗದ ಸಾಕ್ಷ್ಯವಾಗುವುದಿಲ್ಲ. ಅದನ್ನು ಬರೆದವರು ಇಂಥವರೇ ಎಂದು ತೋರಿಸಬೇಕು; ಟೆಕ್ಸಾಸ್ ಸಾಕ್ಷ್ಯ ನಿಯಮ 901 ಕೇಳುವುದು ಅದನ್ನೇ. ಬರೀ ಫೋನ್ ನಂಬರು ಸಾಲದು. ದಿನಾಂಕ, ಹಿಂದುಮುಂದಿನ ಮಾತು ಕತ್ತರಿಸಿದ ಚಿತ್ರ ಕೊಟ್ಟರೆ ಎದುರು ವಕೀಲರು ಬಿಡುತ್ತಾರೆಯೇ?

ಇದಕ್ಕಿಂತ ದೊಡ್ಡ ತೊಡಕು ಭಾಷೆ. ನಿಯಮ 1009ರ ಪ್ರಕಾರ ವಿಚಾರಣೆಗೆ ಕನಿಷ್ಠ 45 ದಿನ ಮೊದಲು ಮೂಲ, ಅನುವಾದ, ಅನುವಾದಕರ ಅರ್ಹತೆ ತಿಳಿಸುವ ಪ್ರಮಾಣಪತ್ರ, ಈ ಮೂರನ್ನೂ ಎದುರು ಪಕ್ಷಕ್ಕೆ ತಲುಪಿಸಬೇಕು. ತಕ್ಕ ಕಾರಣವಿದ್ದರೆ ಕೋರ್ಟು ಈ ಗಡುವನ್ನು ಬದಲಿಸಬಹುದು. ಇತ್ತ ಮನೆಯಲ್ಲಿ ಹಿಂಸೆಗೆ ಸಿಕ್ಕಿದವರು ರಕ್ಷಣಾ ಆದೇಶ ಕೇಳಿದರೆ ವಿಚಾರಣೆ ಸಾಮಾನ್ಯವಾಗಿ 14 ದಿನಗಳೊಳಗೇ ಬರುತ್ತದೆ. ಆ ಹೆಣ್ಣುಮಗಳು ಎರಡು ವಾರದಲ್ಲಿ ಕನ್ನಡದ ಅನುವಾದಕರನ್ನು ಎಲ್ಲಿ ಹುಡುಕಬೇಕು?

"ನಿನ್ನ ನೋಡ್ಕೋತೀನಿ" ಎಂಬ ಒಂದು ಸಾಲು ತೆಗೆದುಕೊಳ್ಳಿ. ತಾಯಿ ಹೇಳಿದರೆ ಅದು ಆರೈಕೆ, ಹಲ್ಲು ಕಚ್ಚಿ ಹೇಳಿದರೆ ಬೆದರಿಕೆ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರೆ ಯಂತ್ರದ ಅನುವಾದ ಏನು ಹೇಳೀತು? ಬೆದರಿಕೆ ಆರೈಕೆಯಾಗಿ ನ್ಯಾಯಾಧೀಶರ ಮುಂದೆ ಹೋದರೆ ಅದರ ಫಲ ಉಣ್ಣುವವರು ಯಾರು? 20,000 ಡಾಲರ್‌ವರೆಗಿನ ಸಣ್ಣ ವ್ಯಾಜ್ಯ ನಡೆಯುವ ಜಸ್ಟಿಸ್ ಕೋರ್ಟಿನಲ್ಲಿ ನಿಯಮಗಳು ಸಡಿಲ, ನಿಜ. ಆದರೆ ಅಲ್ಲಿನ ನ್ಯಾಯಾಧೀಶರಿಗೂ ಕನ್ನಡ ಬರುವುದಿಲ್ಲವಲ್ಲ!

"ಸಂಘ ಇರುವುದು ಯುಗಾದಿ, ರಾಜ್ಯೋತ್ಸವಕ್ಕೆ, ಮನೆಜಗಳ ನಮಗೇಕೆ?" ಎನ್ನುವವರಿದ್ದಾರೆ. ಅವರಿಗೆ ನಮ್ಮ ಪ್ರಶ್ನೆ ಒಂದೇ. ವೇದಿಕೆಯ ಮೇಲೆ ಕನ್ನಡ ಉಳಿಸುವ ನಾವು, ಕನ್ನಡದ ಒಂದು ಸಾಲಿನ ಮೇಲೆ ಒಬ್ಬರ ಬದುಕು ನಿಂತಾಗ ಓಡಿಹೋಗಬಹುದೇ? ಯಾರ ಪಕ್ಷವನ್ನೂ ವಹಿಸಿ ಎಂದು ನಾವು ಹೇಳುತ್ತಿಲ್ಲ. ಅನುವಾದಕರು ಎರಡೂ ಕಡೆಗೂ ಬೇಕು.

ಆದ್ದರಿಂದ ನಮ್ಮ ಒತ್ತಾಯ ಇಷ್ಟೇ. ಮೂರೂ ಊರಿನ ಕನ್ನಡ ಕೂಟಗಳು ಸೇರಿ, ಎರಡೂ ಭಾಷೆ ಬಲ್ಲ, ಪ್ರಮಾಣ ಮಾಡಿ ಸಹಿ ಹಾಕಲು ಸಿದ್ಧರಿರುವವರ ಪಟ್ಟಿ ಮಾಡಲಿ. ನೆಂಟರಿಷ್ಟರು ಅವರವರ ಮೊಕದ್ದಮೆಯಿಂದ ದೂರವಿರಲಿ. ವರ್ಷಕ್ಕೊಮ್ಮೆ ವಕೀಲರನ್ನು ಕರೆಸಿ ತಿಳಿವಳಿಕೆ ಕೊಡಿಸಲಿ. ಸದಸ್ಯರು ಮೂಲ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಲಿ, ಹಳೆಯ ಫೋನನ್ನು ಎಸೆಯದಿರಲಿ. ಧ್ವನಿ, ವಿಡಿಯೋ ಇದ್ದರೆ ಹೇಗೆ ಕೊಡಬೇಕೆಂದು ಆ ಕೋರ್ಟಿನ ಕಚೇರಿಯಲ್ಲೇ ಮೊದಲು ವಿಚಾರಿಸಲಿ.

ಹಬ್ಬದೂಟಕ್ಕೆ ಎಲೆ ಹಾಕಲು ಐವತ್ತು ಕೈ ಸಿಗುತ್ತವೆ. ಈ ಕೆಲಸಕ್ಕೆ ಐದು ಕೈ ಸಿಗಲಾರವೇ?